ಏನೂ ಇಲ್ಲದ ಕೇಕಿಗೆ ಏಳುನೂರು ರೂಪಾಯಿ

ಮೊದಲೆಲ್ಲ ಬೇಕರಿಗೆ ಹೋದರೆ ಗಾಜಿನ ಕಪಾಟಿನ ಹಿಂದೆ ನಿಂತವನು ಏನೇನಿದೆ ಎಂದು ಒಂದೇ ಉಸಿರಿಗೆ ಒದರುತ್ತಿದ್ದ: ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಹನಿ ಕೇಕು. ಈಗ ಬೆಂಗಳೂರಿನಲ್ಲಿ ಮನೆಯಲ್ಲೇ ಕೇಕು ಸುಟ್ಟು ಮಾರುವವರು ಅದರಲ್ಲಿ ಏನಿದೆ ಎಂದು ಬಾಯಿ ಬಿಡುವುದಿಲ್ಲ. ಏನೇನಿಲ್ಲ ಎಂದು ಹೇಳುತ್ತಾರೆ. ಮೈದಾ ಇಲ್ಲ. ಗೋಧಿ ಇಲ್ಲ. ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ. ಬಿಳಿ ಸಕ್ಕರೆ ಇಲ್ಲ. ಪಾಮ್ ಆಯಿಲ್ ಇಲ್ಲ. ಪ್ರಿಸರ್ವೇಟಿವ್ ಇಲ್ಲ. ಕಡೆಗೆ, ತಿಂದವರಿಗೆ ಪಶ್ಚಾತ್ತಾಪವೂ ಇಲ್ಲ, ಅಂದರೆ ಗಿಲ್ಟ್ ಫ್ರೀ. ಇಷ್ಟೆಲ್ಲ ಇಲ್ಲ ಅಂದಮೇಲೆ ಅಗ್ಗವಾಗಿರಬೇಕಲ್ಲ ಎಂದು ಯಾರಾದರೂ ಹಳೇ ಲೆಕ್ಕದ ಮನುಷ್ಯ ಕೇಳಿದರೆ ನಗೆಪಾಟಲಿಗೆ ಈಡಾಗುತ್ತಾನೆ. ಅರ್ಧ ಕಿಲೋಗೆ ಏಳುನೂರು ರೂಪಾಯಿ. ಇಲ್ಲದ ಒಂದೊಂದು ಪದಾರ್ಥಕ್ಕೆ ನೂರರಂತೆ ಹಿಡಿದರೆ ಒಂಬೈನೂರು ಆಗಬೇಕಿತ್ತು. ರಿಯಾಯಿತಿಯಲ್ಲೇ ಕೊಡುತ್ತಿದ್ದಾರೆ, ಪಾಪ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ವ್ಯಾಪಾರ ನಡೆಸುವ ಮಹಾಶಯರು ಸಾಫ್ಟ್‌ವೇರ್ ಕಂಪನಿಯಲ್ಲಿ ಬಹುಕಾಲ ದುಡಿದು, ತಾವೇ ಸುಟ್ಟುಹೋದ ಮೇಲೆ ಓವನ್ ಹೊತ್ತಿಸಿದವರು. ಅವರನ್ನು ಬೇಕರಿಯವರು ಅಂದರೆ ಸಿಟ್ಟು. ಅವರು ವೆಲ್‌ನೆಸ್ ಬೇಕರ್. ಶುಕ್ರವಾರ ಬೆಳಗಾದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಬೀಳುತ್ತದೆ: ಮರದ ಹಲಗೆ, ಅದರ ಮೇಲೆ ಇಟ್ಟಿಗೆಯಂಥದ್ದೊಂದು ಕಂದು ವಸ್ತು, ಪಕ್ಕದಲ್ಲಿ ಯಾವುದಕ್ಕೂ ಸಂಬಂಧವಿಲ್ಲದ ಒಂದು ಕುಡಿ ಪುದೀನ. ಕೆಳಗೆ ‘ಫಾರ್ಮರ್ ಸೋರ್ಸ್ಡ್ ಫಿಂಗರ್ ಮಿಲೆಟ್ ಲೋಫ್’ ಎಂಬ ಬಿರುದು. ರಾಗಿ ಅಂದರೆ ಏಳುನೂರು ಕೊಡುವವರು ಯಾರು?

ಆ ಫಾರ್ಮರ್‌ನ ಲೆಕ್ಕವನ್ನೂ ಒಮ್ಮೆ ನೋಡೋಣ. ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ರಾಗಿ ಬೆಳೆಯುವವರು ನಾವು. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕಿಲೋಗೆ ನಲವತ್ತೊಂಬತ್ತು ರೂಪಾಯಿಗೆ ಹದಿನಾಲ್ಕು ಪೈಸೆ ಕಡಿಮೆ. ಮಹಾಶಯರ ಕೇಕಿನಲ್ಲಿ ಉದಾರವಾಗಿ ನೂರು ಗ್ರಾಂ ರಾಗಿ ಇದೆ ಅಂತಿಟ್ಟುಕೊಂಡರೂ ತುಮಕೂರಿನ ರೈತನ ಪಾಲು ಐದು ರೂಪಾಯಿ ಮುಟ್ಟುವುದಿಲ್ಲ, ಅದೂ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾದು ತೂಕ ಹಾಕಿಸಿದರೆ. ಮಿಕ್ಕ ಆರುನೂರ ತೊಂಬತ್ತೈದು ರೂಪಾಯಿ ಪುದೀನದ್ದು.

ಇನ್ನು ಕಥೆಯ ಖಳನಾಯಕನ ವಿಷಯ. ಗೋಧಿಯಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ಒಣಹಿಟ್ಟಿನಲ್ಲಿ ಇವು ತಮ್ಮ ಪಾಡಿಗೆ ತಾವು ಇರುತ್ತವೆ. ನೀರು ಬಿದ್ದು, ಮೇಲೆ ನಾಲ್ಕು ಗುದ್ದು ಬಿದ್ದರೆ ಒಂದನ್ನೊಂದು ಹಿಡಿದು ಬಲೆ ಹೆಣೆಯುತ್ತವೆ. ಈ ಬಲೆಗೇ ಗ್ಲುಟೆನ್ ಎನ್ನುವುದು. ಯೀಸ್ಟು ಬಿಡುವ ಗಾಳಿ ಅದರಲ್ಲಿ ಸಿಕ್ಕಿಕೊಂಡು ಬನ್ನು ಉಬ್ಬುತ್ತದೆ. ಪರೋಟಾ ಮಾಡುವವನು ಹಿಟ್ಟನ್ನು ಗಾಳಿಯಲ್ಲಿ ಬೀಸಿ ಪಂಚೆಯಗಲ ಮಾಡುವುದು ಇದರ ಬಲದಿಂದ. ಯುಗಾದಿಯ ದಿನ ಹೋಳಿಗೆಯ ಕಣಕ ಅಷ್ಟೊಂದು ಹೂರಣವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಟ್ಟಿದಷ್ಟೂ ಹಿಗ್ಗುವುದೂ ಇದೇ ಖಳನ ಕೃಪೆ. ಬಾರ್ಲಿ ಮತ್ತು ರೈಯಲ್ಲಿ ಇದರ ದಾಯಾದಿಗಳಿವೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆಯಲ್ಲಿ ಇಲ್ಲ.

ಬಲೆಯನ್ನು ಕಿತ್ತು ಬಿಸಾಡಿದ ಮೇಲೆ ಕೇಕು ನಿಲ್ಲಬೇಕಲ್ಲ? ಇಲ್ಲಿಂದ ಶುರುವಾಗುತ್ತದೆ ನಿಜವಾದ ಪ್ರಹಸನ.

ಮೊದಲ ಪಾತ್ರಧಾರಿ ಇಸಬ್‌ಗೋಲ್. ನಮ್ಮ ಮನೆಗಳಲ್ಲಿ ಇದು ಹಾಲ್‌ನ ಕಪಾಟಿನಲ್ಲಿ ಹಿಂದೆ, ಮಾತ್ರೆ ಡಬ್ಬಿಯ ಮರೆಯಲ್ಲಿ ಇರುತ್ತಿತ್ತು. ಮನೆಯ ಹಿರಿಯರು ಮಲಗುವ ಮುನ್ನ ಒಂದು ಚಮಚವನ್ನು ಬಿಸಿನೀರಿಗೆ ಕದಡಿ, ಯಾರ ಮುಖವನ್ನೂ ನೋಡದೆ ಕುಡಿದು, ಬೆಳಗಿನ ಫಲಿತಾಂಶಕ್ಕೆ ಕಾಯುತ್ತಿದ್ದರು. ಈಗ ಅದು ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ಜಾಡಿಯಲ್ಲಿ ರಾರಾಜಿಸುತ್ತಿದೆ. ನೀರು ಕಂಡರೆ ಲೋಳೆಗಟ್ಟಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ, ನಿಜ. ಆದರೆ ಬರ್ತ್‌ಡೇ ಪಾರ್ಟಿಯಲ್ಲಿ ಮೂರು ತುಂಡು ಬಾರಿಸಿದವರ ಮರುದಿನದ ಬಗ್ಗೆ ಯಾವ ಲೇಬಲ್ಲೂ ಎಚ್ಚರಿಸುವುದಿಲ್ಲ.

ಎರಡನೆಯದು ಝಾಂಥನ್ ಗಮ್. ಎಲೆಕೋಸಿಗೆ ಕಪ್ಪು ಕೊಳೆ ರೋಗ ತರುವ ಒಂದು ಬ್ಯಾಕ್ಟೀರಿಯಾ ಇದೆ, ಝಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಎಂದು. ಅದಕ್ಕೆ ಸಕ್ಕರೆ ತಿನ್ನಿಸಿ, ಅದು ಬಿಟ್ಟ ಲೋಳೆಯನ್ನು ಒಣಗಿಸಿ ಪುಡಿ ಮಾಡಿದರೆ ಈ ಗಮ್ ಸಿದ್ಧ. ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ತಂಡ ಇದನ್ನು ಹೊರತಂದರು. 1960ರ ದಶಕದ ಕೊನೆಗೆ ಅಲ್ಲಿ ಆಹಾರಕ್ಕೆ ಬಳಸಲು ಒಪ್ಪಿಗೆಯೂ ಸಿಕ್ಕಿತು. ತಿಂದರೆ ಅಪಾಯವೇನೂ ಇಲ್ಲ, ಆ ಭಯ ಬೇಡ. ಆದರೆ ಕೋಲಾರದ ಕಡೆ ಕೋಸು ಬೆಳೆಯುವವನು ಯಾವ ಬ್ಯಾಕ್ಟೀರಿಯಾವನ್ನು ಓಡಿಸಲು ಔಷಧಿ ಹೊಡೆಯುತ್ತಾನೋ ಅದರ ಉಗುಳನ್ನು ಬೆಂಗಳೂರಿನಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಕೊಂಡು, ಮೇಲೆ ‘ನೋ ಕೆಮಿಕಲ್ಸ್, ಓನ್ಲಿ ನೇಚರ್’ ಎಂದು ಚೀಟಿ ಅಂಟಿಸುವುದಿದೆಯಲ್ಲ, ಅದಕ್ಕೊಂದು ಎದೆಗಾರಿಕೆ ಬೇಕು.

ಝಾಂಥನ್ ದುಬಾರಿಯಾದರೆ ಗೌರ್ ಗಮ್. ಅದು ಬೇರೇನಲ್ಲ, ಮಕ್ಕಳು ತಟ್ಟೆಯ ಅಂಚಿಗೆ ಸರಿಸುವ ಗೋರಿಕಾಯಿಯ ಬೀಜದ ಪುಡಿ. ರಾಜಸ್ಥಾನದಿಂದ ಬರುತ್ತದೆ. ಅಮೆರಿಕದಲ್ಲಿ ನೆಲದಾಳದ ಬಂಡೆ ಸೀಳಿ ತೈಲ, ಅನಿಲ ತೆಗೆಯುವವರು ಕೊಳವೆಬಾವಿಗೆ ಸುರಿಯುವ ದ್ರವವನ್ನು ಮಂದ ಮಾಡುವುದಕ್ಕೂ ಇದೇ ಪುಡಿ. ಟೆಕ್ಸಾಸಿನ ಬಂಡೆಗೂ ಬೆಂಗಳೂರಿನ ಮಫಿನ್‌ಗೂ ಒಂದೇ ಅಂಟು. ಮಫಿನ್ ಕಚ್ಚಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣಲಾರದು.

ಮೊಟ್ಟೆಯ ಬದಲಿಗೆ ಏನು? ಅಗಸೆ ಬೀಜ ಪುಡಿಮಾಡಿ ನೀರಲ್ಲಿ ನೆನೆಸಿದರೆ ಲೋಳೆ ಬಿಡುತ್ತದೆ, ಅದನ್ನು ಒಂದು ಮೊಟ್ಟೆ ಎಂದು ಎಣಿಸಬೇಕಂತೆ. ಉತ್ತರ ಕರ್ನಾಟಕದವರು ಇಷ್ಟು ದಿನ ಅಗಸಿ ಹಿಂಡಿಯ ರೂಪದಲ್ಲಿ ರೊಟ್ಟಿಗೆ ಹಚ್ಚಿ ತಿಂದದ್ದು ಎಷ್ಟು ಡಜನ್ ಮೊಟ್ಟೆಯೋ ದೇವರೇ ಬಲ್ಲ. ಇನ್ನೂ ನಾಜೂಕಿನವರಿಗೆ ಕಡಲೆ ಬೇಯಿಸಿದ ನೀರು. 2014ರಲ್ಲಿ ಫ್ರಾನ್ಸಿನ ಸಂಗೀತಗಾರ ಜೋಯೆಲ್ ರೋಸೆಲ್, ಕಾಳು ಬೇಯಿಸಿದ ನೀರನ್ನು ಕಡೆದರೆ ಮೊಟ್ಟೆಯ ಬಿಳಿಲೋಳೆಯಷ್ಟೇ ಗಟ್ಟಿ ನೊರೆ ಬರುತ್ತದೆ ಎಂದು ಲೋಕಕ್ಕೆ ತೋರಿಸಿದ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟು ನಮ್ಮಲ್ಲಿ ಕೊಳದಪ್ಪಲೆಗಟ್ಟಲೆ ಇತ್ತು. ನಮ್ಮವರು ಅದಕ್ಕೆ ಹುಣಿಸೆ, ಸಾರಿನಪುಡಿ ಹಾಕಿ, ಒಗ್ಗರಣೆ ಚಟ್ ಅನ್ನಿಸಿ, ಮಧ್ಯಾಹ್ನದೊಳಗೆ ಕುಡಿದು ಮುಗಿಸಿಬಿಟ್ಟರು. ಕಡೆಯಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಪೇಟೆಂಟು ತಪ್ಪಿತು, ಸಾರು ದಕ್ಕಿತು.

ಇವೆಲ್ಲ ಸೇರಿದ ಮೇಲೂ ಬರೀ ರಾಗಿಹಿಟ್ಟಿನ ಕೇಕು ಮರಳಾಗುತ್ತದೆ. ಅದಕ್ಕೆ ಮರಗೆಣಸಿನ ಪಿಷ್ಟ, ಮೆಕ್ಕೆಜೋಳದ ಪಿಷ್ಟ, ಆಲೂಗೆಡ್ಡೆ ಪಿಷ್ಟ ಬೆರೆಸುತ್ತಾರೆ. ಮೈದಾದಲ್ಲಿ ನೂರಕ್ಕೆ ಹತ್ತು ಪಾಲಾದರೂ ಪ್ರೋಟೀನ್ ಇತ್ತು, ಈ ಪಿಷ್ಟಗಳಲ್ಲಿ ಅದೂ ಇಲ್ಲ. ಮೈದಾಕ್ಕಿಂತ ಬಿಳಿಯದನ್ನು ಹಾಕಿ ಮೈದಾವನ್ನು ಬೈಯುವುದು ಹೊಸ ಆರೋಗ್ಯಶಾಸ್ತ್ರದ ಮೊದಲ ಪಾಠ.

ಎರಡನೆಯ ಪಾಠ ಸಿಹಿಯದು. ಬಿಳಿ ಸಕ್ಕರೆ ವಿಷ. ಆದ್ದರಿಂದ ಬೆಲ್ಲ, ಖರ್ಜೂರ, ತೆಂಗಿನ ಸಕ್ಕರೆ. ಬೆಲ್ಲದ ಬಹುಪಾಲು ಸಕ್ಕರೆಯೇ. ತೆಂಗಿನ ಸಕ್ಕರೆಯಲ್ಲೂ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಅದೇ ಸುಕ್ರೋಸ್. ಖರ್ಜೂರದಲ್ಲೂ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಬಣ್ಣ ಕಂದಾಗಿದ್ದರೆ ಮೇದೋಜೀರಕಕ್ಕೆ ಗುರುತು ಸಿಗುವುದಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತೋ. ಬೆಣ್ಣೆಯಲ್ಲಿ ನೂರಕ್ಕೆ ಐವತ್ತರಷ್ಟು ಸ್ಯಾಚುರೇಟೆಡ್ ಕೊಬ್ಬಿದೆ ಎಂದು ಅದನ್ನು ಬಹಿಷ್ಕರಿಸಿ, ತೊಂಬತ್ತರ ಹತ್ತಿರ ಇರುವ ಕೊಬ್ಬರಿ ಎಣ್ಣೆಯನ್ನು ಕಪ್ಪುಗಟ್ಟಲೆ ಸುರಿದು ‘ಹೃದಯಸ್ನೇಹಿ’ ಎನ್ನುತ್ತಾರೆ. ಹೃದಯಕ್ಕೆ ಇಂಥ ಸ್ನೇಹಿತರಿದ್ದರೆ ಶತ್ರುಗಳು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಹಾಲು ಜೀರ್ಣವಾಗದವರ ಮಾತು ಬೇರೆ. ದೊಡ್ಡವರಾದ ಮೇಲೆ ಲ್ಯಾಕ್ಟೋಸ್ ಒಡೆಯುವ ಕಿಣ್ವ ಕಡಿಮೆಯಾಗುವುದು ಸಾಮಾನ್ಯ. ಅಂಥವರೂ ಎಷ್ಟೋ ಮಂದಿ ಮೊಸರನ್ನು ಅರಗಿಸಿಕೊಳ್ಳುತ್ತಾರೆ, ತುಪ್ಪದಲ್ಲಂತೂ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಇಷ್ಟಕ್ಕೂ ನಮ್ಮ ಗುಂಪಿನಲ್ಲಿ ಮೊನ್ನೆ ಮೊನ್ನೆಯವರೆಗೆ ಎ2 ತುಪ್ಪದ ಭಜನೆ ನಡೆಯುತ್ತಿತ್ತು. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪ್ಯಾಕೆಟ್ಟಿನ ಮೇಲೆ ಎ1, ಎ2 ಎಂದು ಬರೆಯಬೇಡಿ ಎಂದಿತು, ಒಂದೇ ವಾರದೊಳಗೆ ಆ ಮಾತನ್ನು ತಾನೇ ಹಿಂದಕ್ಕೆ ನುಂಗಿತು. ಅದೇ ಭಕ್ತಮಂಡಲಿ ಈಗ ಡೈರಿ ಫ್ರೀ. ಹಸುವಿಗೆ ಇಷ್ಟು ಬೇಗ ಪೂಜೆ, ಇಷ್ಟು ಬೇಗ ಬಹಿಷ್ಕಾರ ಯಾವ ಯುಗದಲ್ಲೂ ಆಗಿರಲಿಕ್ಕಿಲ್ಲ.

ಈ ಗ್ಲುಟೆನ್ ಭೀತಿ ನಮ್ಮಲ್ಲಿಗೆ ಹೇಗೆ ಬಂತು? ಒಂದು ದಾರಿ ಟೆನಿಸ್ ಅಂಗಳದ್ದು. ನೊವಾಕ್ ಜೊಕೊವಿಚ್ 2013ರ ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡಿದ್ದಾನೆ: ವೈದ್ಯನೊಬ್ಬ ಅವನ ಒಂದು ಕೈ ಚಾಚಿಸಿ ಕೆಳಕ್ಕೆ ಒತ್ತಿದ, ಆಮೇಲೆ ಒಂದು ಬ್ರೆಡ್ ತುಂಡನ್ನು ಹೊಟ್ಟೆಗೆ ಒತ್ತಿ ಹಿಡಿಯಲು ಹೇಳಿ ಮತ್ತೆ ಒತ್ತಿದ, ಈ ಸಲ ಕೈ ಸೋತಿತು. ತಿನ್ನುವುದೂ ಬೇಡ, ತಾಕಿದರೆ ಸಾಕು. ನಮ್ಮೂರಿನ ದೃಷ್ಟಿ ತೆಗೆಯುವ ಅಜ್ಜಿ ಇದಕ್ಕಿಂತ ಹೆಚ್ಚು ಸಲಕರಣೆ ಬಳಸುತ್ತಾಳೆ, ಕನಿಷ್ಠ ಒಣಮೆಣಸಿನಕಾಯಿ, ಉಪ್ಪು, ಕೆಂಡ. ಪಿಜ್ಜಾ ಅಂಗಡಿ ನಡೆಸುತ್ತಿದ್ದವರ ಮಗನಾದ ಜೊಕೊವಿಚ್ ಗೋಧಿ ಬಿಟ್ಟ, 2011ರಲ್ಲಿ ಮೂರು ಗ್ರ್ಯಾಂಡ್ ಸ್ಲಾಮ್ ಗೆದ್ದ. ಅವನು ದಿನಕ್ಕೆ ಎಷ್ಟು ತಾಸು ಬೆವರಿಳಿಸಿದ ಎಂಬುದನ್ನು ಬಿಟ್ಟು, ಏನು ತಿನ್ನಲಿಲ್ಲ ಎಂಬುದನ್ನು ಮಾತ್ರ ನಮ್ಮವರು ಕಲಿತರು. ಅದು ಕೂತಲ್ಲೇ ಮಾಡಬಹುದಾದ ಸಾಧನೆ.

ಇನ್ನೊಂದು ದಾರಿ ಆಸ್ಟ್ರೇಲಿಯಾದ್ದು, ಸ್ವಲ್ಪ ಮರ್ಯಾದಸ್ಥರದು. ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ತಂಡ 2011ರಲ್ಲಿ, ಗ್ಲುಟೆನ್ ನಿಜಕ್ಕೂ ವಿಷವಾಗುವ ಸೀಲಿಯಾಕ್ ಎಂಬ ಕಾಯಿಲೆ ಇಲ್ಲದವರಿಗೂ ಅದು ಹೊಟ್ಟೆ ಕೆಡಿಸಬಹುದು ಎಂದಿತು. ಜಗತ್ತು ಅದನ್ನು ಹಿಡಿದುಕೊಂಡು ಕುಣಿಯಿತು. ಅದೇ ತಂಡ ಇನ್ನೂ ಬಿಗಿಯಾಗಿ ಪರೀಕ್ಷೆ ಮಾಡಿ 2013ರಲ್ಲಿ, ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಬೇರೆ ಕೆಲವು ಸಕ್ಕರೆಗಳನ್ನು ಊಟದಿಂದ ತೆಗೆದ ಮೇಲೆ ಗ್ಲುಟೆನ್ನಿನ ಪ್ರತ್ಯೇಕ ಪ್ರಭಾವ ತಮಗೆ ಕಾಣಲಿಲ್ಲ ಎಂದಿತು. ಇದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಅನುಮಾನ ಹೋದದ್ದು ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ವಸ್ತುವಿನ ಕಡೆಗೆ. ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಧಾರಾಳ. ನಮ್ಮ ಮಹಾಶಯರ ಅತಿ ಜನಪ್ರಿಯ ಸರಕು ಯಾವುದು ಗೊತ್ತೇ? ಗ್ಲುಟೆನ್ ಇಲ್ಲದ ಬ್ರೆಡ್ಡು, ಮೇಲೆ ಬೆರಳು ದಪ್ಪ ಈರುಳ್ಳಿ, ಬೆಳ್ಳುಳ್ಳಿ. ತಿಂದವರು ಹೊಟ್ಟೆ ಹಗುರಾಯಿತು ಎಂದು ಐದು ನಕ್ಷತ್ರ ಒತ್ತುತ್ತಾರೆ.

ಇಷ್ಟು ಓದುವ ಹೊತ್ತಿಗೆ ಒಂದು ವರ್ಗದ ಓದುಗರು ತೊಡೆ ತಟ್ಟಿಕೊಂಡು ಏಳುತ್ತಾರೆ: ಅದಕ್ಕೇ ಹೇಳೋದು, ನಮ್ಮ ಪೂರ್ವಿಕರು ಎಲ್ಲ ತಿಳಿದವರು, ರಾಗಿ ಮುದ್ದೆ ತಿಂದು ನೂರು ವರ್ಷ ಬಾಳಿದರು! ಅವರೂ ಸ್ವಲ್ಪ ಕೂತುಕೊಳ್ಳಲಿ. ಪೂರ್ವಿಕರು ರಾಗಿ ತಿಂದದ್ದು ಗ್ಲುಟೆನ್‌ಗೆ ಹೆದರಿ ಅಲ್ಲ, ಹೊಲದಲ್ಲಿ ಬೇರೇನೂ ಬೆಳೆಯುತ್ತಿರಲಿಲ್ಲ ಎಂದು. ಅಕ್ಕಿ ಉಣ್ಣುವವರ ಮನೆಯಲ್ಲಿ ಮುದ್ದೆ ಎಂದರೆ ಆಳುಕಾಳಿನ ಊಟ. ಹಳೇ ಮೈಸೂರಿನ ಹಳ್ಳಿಗಳಲ್ಲಿ ನೆಂಟರು ಬಂದಾಗ ಅನ್ನ, ಹಬ್ಬಕ್ಕೆ ಪೂರಿ, ಉಳಿದ ದಿನ ಮುದ್ದೆ. ಆಯ್ಕೆ ಸಿಕ್ಕ ದಿನವೇ ಮಕ್ಕಳು ಬ್ರೆಡ್ಡಿಗೆ ಓಡಿದರು. ಇಂಡಿಯಾ, ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿ ತಳಿಗಳನ್ನು ಕೊಟ್ಟ ಮಂಡ್ಯದ ಲಕ್ಷ್ಮಣಯ್ಯನವರು ಎಕರೆಗೆ ಇನ್ನೊಂದಿಷ್ಟು ಮೂಟೆ ಬರಲಿ, ಜನ ಹಸಿದು ಮಲಗದಿರಲಿ ಎಂದು ಹೊಲದಲ್ಲಿ ಬದುಕು ಸವೆಸಿದರು. ಅವರ ಬೆಳೆಗೆ ಮರ್ಯಾದೆ ಬರಬೇಕಾದರೆ ಅದು ಬ್ರೌನಿಯ ವೇಷ ಹಾಕಬೇಕಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿದಾಗ ಮೇಳಗಳಲ್ಲಿ ಸಾಲು ನೆರೆದದ್ದು ಎಲ್ಲಿ? ಕುಕ್ಕಿ, ಐಸ್‌ಕ್ರೀಮು, ನೂಡಲ್ಸಿನ ಮುಂದೆ. ಧಾನ್ಯ ಧಾನ್ಯದ ರೂಪದಲ್ಲಿ ಇದ್ದ ಕಡೆ ಮಾರುವವನೊಬ್ಬನೇ ಕೂತಿದ್ದ.

ಮಹಾಶಯರು ಈಚೆಗೆ ವರ್ಕ್‌ಶಾಪ್ ಬೇರೆ ಶುರು ಮಾಡಿದ್ದಾರೆ. ತಲೆಗೆ ಎರಡೂವರೆ ಸಾವಿರ. ಅಲ್ಲಿ ಹೇಳಿಕೊಡುವ ದೊಡ್ಡ ಗುಟ್ಟು ಏನೆಂದರೆ, ಗ್ಲುಟೆನ್ ಇಲ್ಲದ ಹಿಟ್ಟಿಗೆ ಕುದಿಯುವ ನೀರು ಹಾಕಬೇಕು, ಆಗ ಪಿಷ್ಟ ಅರೆಬೆಂದು ಅಂಟಾಗಿ ಹಿಟ್ಟು ಒಡೆಯದೆ ನಿಲ್ಲುತ್ತದೆ. ಪರದೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತಾರೆ. ಅವರ ಕೇಕಿನ ತಟ್ಟೆ ತಿಕ್ಕಲು ಬರುವ ಯಾದಗಿರಿ ಕಡೆಯ ಹೆಂಗಸು ಆ ಹೊತ್ತಿಗೆ ಸರ್ವಿಸ್ ಲಿಫ್ಟಿನ ಪಕ್ಕ ಕೂತು ಬುತ್ತಿ ಬಿಚ್ಚಿರುತ್ತಾಳೆ. ಬೆಳಗಿನ ಜಾವ ಎದ್ದು, ಎಸರಿಟ್ಟು, ಕುದಿನೀರು ಜೋಳದ ಹಿಟ್ಟಿಗೆ ಸುರಿದು, ಕೈ ಸುಡುವಾಗಲೇ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಆಡಿಸಿ, ತಿರುವಿ, ಬುಸ್ಸೆಂದು ಉಬ್ಬಿಸಿ ತಂದ ರೊಟ್ಟಿ. ಗಮ್ ಇಲ್ಲ, ಲೋಳೆ ಇಲ್ಲ, ಎರಡೂವರೆ ಸಾವಿರ ಇಲ್ಲ. ಒಮ್ಮೆ ಮಹಾಶಯರು ಉಳಿದ ಕೇಕಿನ ಒಂದು ತುಂಡನ್ನು ಅವಳಿಗೆ ಕೊಟ್ಟು, ಹ್ಯಾಗಿದೆ ಎಂದು ಕೇಳಿದರು. ಆಕೆ ಬೆರಳಿಂದ ಒತ್ತಿ ನೋಡಿ, ಬಹಳ ಮರ್ಯಾದೆಯಿಂದ, “ನಡುವ ಇನ್ನಾ ಹಸಿ ಅದ ನೋಡ್ರಿ ಸಾಹೇಬ್ರ, ಬೇಯಂಗಿಲ್ಲ ಅನಸ್ತದ” ಎಂದಳು. ಏಳುನೂರು ರೂಪಾಯಿಯ ಸರಕಿಗೆ ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆ ಇನ್ನೂ ಬಂದಿಲ್ಲ.

ಹಾಗೆಂದು ಗೋಧಿಯೂ ಹಾಲೂ ಇಲ್ಲದೆ ಒಳ್ಳೆಯ ಕೇಕು ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ಕರಾವಳಿಯ ಕೊಂಕಣಿ ಮನೆಗಳ ತವಸಳಿ ಏನು ಮತ್ತೆ? ಅಕ್ಕಿ ರವೆ, ತುರಿದ ಸೌತೆಕಾಯಿ, ಬೆಲ್ಲ, ತೆಂಗಿನಕಾಯಿ. ಓವನ್ ಇಲ್ಲದ ಕಾಲದಲ್ಲಿ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಸೌತೆಯ ನೀರಲ್ಲೇ ಬೆಂದು, ಅಂಚು ಕೆಂಪಗಾಗಿ ಏಳುತ್ತದೆ. ಅದು ಸ್ಪಂಜಿನ ಹಾಗಿರಬೇಕೆಂದು ಯಾರೂ ಬಯಸಿರಲಿಲ್ಲ, ಆದ್ದರಿಂದಲೇ ಸೋಲಲಿಲ್ಲ. ರಾಗಿಗೆ ಮೈದಾದ ಪಾತ್ರ ಕೊಟ್ಟು, ಅದು ಸರಿಯಾಗಿ ಅಭಿನಯಿಸಲಿಲ್ಲ ಎಂದು ಗಮ್ ಕುಡಿಸುವುದು ನಮ್ಮ ಕಾಲದ ಸಾಹಸ.

ನಗುವುದು ಇಷ್ಟು ಸಾಕು. ಗ್ಲುಟೆನ್ ನಿಜವಾಗಿಯೂ ವಿಷವಾಗಿರುವ ಜನ ಇದ್ದಾರೆ, ಈ ಗದ್ದಲದಲ್ಲಿ ಅವರ ದನಿ ಕೇಳುತ್ತಿಲ್ಲ. ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್ ಒಳಹೊಕ್ಕರೆ ದೇಹದ ರಕ್ಷಣಾವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಸವೆಸುತ್ತದೆ. ಮಗು ಉಂಡದ್ದು ಮೈಗೆ ಹತ್ತುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ, ರಕ್ತಹೀನತೆ ಬಿಡುವುದಿಲ್ಲ. ಕಾರಣವೇ ಗೊತ್ತಿಲ್ಲದ ಕಾಲದಲ್ಲಿ, 1924ರಲ್ಲಿ, ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯ ಬಾಳೆಹಣ್ಣಿನ ಪಥ್ಯ ಹಾಕಿ ಮಕ್ಕಳನ್ನು ಚೇತರಿಸಿದ. ಗುಣ ಬಾಳೆಹಣ್ಣಿನದು ಎಂದುಕೊಂಡರು. ಗುಣ ತಟ್ಟೆಯಿಂದ ಮಾಯವಾಗಿದ್ದ ಬ್ರೆಡ್ಡಿನದಾಗಿತ್ತು. ಅದನ್ನು ಸ್ಪಷ್ಟವಾಗಿ ತೋರಿಸಿದವನು ಡಚ್ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ ಜರ್ಮನ್ನರ ದಿಗ್ಬಂಧನದಿಂದ ನೆದರ್ಲೆಂಡ್ಸಿನ ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿನ್ನುತ್ತಿದ್ದರು. ಊರೆಲ್ಲ ಹಸಿವಿನಿಂದ ಸೊರಗುವಾಗ ಅವನ ಸೀಲಿಯಾಕ್ ಮಕ್ಕಳು ಸುಧಾರಿಸಿದರು, ಬ್ರೆಡ್ಡು ಮತ್ತೆ ಸಿಕ್ಕೊಡನೆ ಹಾಸಿಗೆ ಹಿಡಿದರು. ಗೋಧಿಯ ಮೇಲೆ ಮೊದಲೇ ಇದ್ದ ಅವನ ಅನುಮಾನ ಗಟ್ಟಿಯಾಯಿತು, 1950ರಲ್ಲಿ ಪ್ರಬಂಧವಾಯಿತು.

ನಮ್ಮಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ಈ ಕಾಯಿಲೆ ನೂರಕ್ಕೆ 1.23 ಮಂದಿಗೆ, ದಕ್ಷಿಣದಲ್ಲಿ 0.10 ಮಂದಿಗೆ. ದಕ್ಷಿಣದವರು ಗೋಧಿ ತಿನ್ನುವುದೇ ಕಡಿಮೆ. ಅಂದರೆ ನಮ್ಮ ಕಡೆ ಸಾವಿರಕ್ಕೆ ಒಬ್ಬರು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅರ್ಧಕ್ಕರ್ಧ ಜನ ತಮಗೆ ‘ಗ್ಲುಟೆನ್ ಆಗಲ್ಲ’ ಎನ್ನುತ್ತಾರೆ, ಒಬ್ಬರೂ ರಕ್ತಪರೀಕ್ಷೆ ಮಾಡಿಸಿದವರಿಲ್ಲ. ಇನ್ನು ಮಾಡಿಸಿದರೂ ಉಪಯೋಗ ಕಡಿಮೆ: ಗೋಧಿ ತಿನ್ನುತ್ತಿರುವಾಗಲೇ ಮಾಡಬೇಕಾದ ಪರೀಕ್ಷೆ ಅದು, ಬಿಟ್ಟು ತಿಂಗಳುಗಟ್ಟಲೆ ಆದ ಮೇಲೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು.

ನಿಜವಾದ ರೋಗಿಯ ದಿನಚರಿ ಪುದೀನದ ಫೋಟೊದಲ್ಲಿ ಹಿಡಿಸುವುದಿಲ್ಲ. ಸಾಂಬಾರಿನ ಇಂಗು ನೋಡಬೇಕು. ಅಂಗಡಿಯ ಪುಡಿ ಇಂಗಿನಲ್ಲಿ ಮೈದಾ ಬೆರೆಸಿರುವುದುಂಟು. ಸೋಯಾ ಸಾಸಿನಲ್ಲಿ ಗೋಧಿ. ರವೆ ಇಡ್ಲಿ ಇಡ್ಲಿಯಾದರೂ ಗೋಧಿ. ‘ಸಾಂಪ್ರದಾಯಿಕ, ಹೊಟ್ಟೆಗೆ ಹಗುರ’ ಎಂದು ಮೂರು ಪಟ್ಟು ಬೆಲೆಗೆ ಮಾರುವ ಜವೆಗೋಧಿಯಲ್ಲೂ ಗ್ಲುಟೆನ್ ಇದೆ. ಶುದ್ಧ ರಾಗಿಯನ್ನೇ ಗಿರಣಿಗೆ ಒಯ್ದರೂ ಹಿಂದಿನವರು ಬೀಸಿಸಿದ ಗೋಧಿ ಕಲ್ಲಿನ ಸಂದಿಯಲ್ಲಿ ಕೂತಿರುತ್ತದೆ. ಗಿರಣಿಯವನ ಹುಬ್ಬಿನ ಮೇಲಿನ ಬಿಳುಪೇ ಸಾಕ್ಷಿ. ಕಾನೂನಿನಲ್ಲಿ ಗ್ಲುಟೆನ್ ಫ್ರೀ ಎಂದು ಬರೆಯಬೇಕಾದರೆ ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದು. ಚಿಟಿಕೆಯೂ ಅಲ್ಲ ಅದು.

ನಮ್ಮ ಎರಡನೇ ಬ್ಲಾಕಿನಲ್ಲಿ ಪಂಜಾಬಿನಿಂದ ಬಂದ ಒಂದು ಸಂಸಾರವಿದೆ. ಅವರ ಮಗಳಿಗೆ ಬಯಾಪ್ಸಿ ಮಾಡಿ ಹೇಳಿದ ಸೀಲಿಯಾಕ್. ಯಾರ ಹುಟ್ಟುಹಬ್ಬಕ್ಕೆ ಹೋದರೂ ಆ ತಾಯಿ ಒಂದು ಡಬ್ಬಿ ಹಿಡಿದಿರುತ್ತಾರೆ. ಕ್ಲಬ್‌ಹೌಸಿನ ಪಾರ್ಟಿಯೊಂದರಲ್ಲಿ ಗ್ಲುಟೆನ್ ಫ್ರೀ ಕೇಕೆಂದು ಕೇಳಿ ಹುಡುಗಿ ತಟ್ಟೆ ಹಿಡಿದು ಮುಂದೆ ಬಂದಳು. ತಾಯಿ ಮಹಾಶಯರನ್ನು ಮೆಲ್ಲಗೆ ವಿಚಾರಿಸಿದರು: ಜರಡಿ ಬೇರೆ ಇಟ್ಟಿದ್ದೀರಾ? ಮಿಕ್ಸಿ ಜಾರ್? ಹಿಟ್ಟು ಎಲ್ಲಿ ಬೀಸಿಸಿದ್ದು? ಮಹಾಶಯರಿಗೆ ರೇಗಿತು. “ಮೇಡಂ, ನನ್ನದು ಹಂಡ್ರೆಡ್ ಪರ್ಸೆಂಟ್ ಗ್ಲುಟೆನ್ ಫ್ರೀ. ಸ್ವಲ್ಪ ಸಾಫ್ಟ್ ಬರಲಿ ಅಂತ ಎರಡೇ ಎರಡು ಸ್ಪೂನ್ ಮೈದಾ ಹಾಕಿದೀನಿ, ಅಷ್ಟೆ.”

ಯಾರೋ ಹಿಂದಿನಿಂದ, “ಒಂದಿನ ತಿಂದ್ರೆ ಏನಾಗಲ್ಲ ಬಿಡಿ, ಮಗು ಆಸೆಪಡ್ತಿದೆ” ಎಂದರು. ಇನ್ನೊಬ್ಬರು, ತಮಗೂ ಗ್ಲುಟೆನ್ ಆಗುವುದಿಲ್ಲ, ಆದರೂ ಪಾರ್ಟಿಯಲ್ಲಿ ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ ಎಂದು ಧೈರ್ಯ ತುಂಬಿದರು. ತಾಯಿ ಉತ್ತರ ಕೊಡಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು ಡಬ್ಬಿ ಬಿಚ್ಚಿದರು. ಮನೆಯಲ್ಲಿ ಮಾಡಿದ ಕಡಲೆಹಿಟ್ಟಿನ ಉಂಡೆ ಇತ್ತು. ಹುಡುಗಿ ಕೇಕು ನೋಡುತ್ತ ಅದನ್ನು ತಿಂದಳು.

ಮಹಾಶಯರು ಟೀಕೆಗೆ ಕಿವುಡರಲ್ಲ. ಮುಂದಿನ ಶುಕ್ರವಾರ ಅದೇ ಹಲಗೆ, ಅದೇ ಪುದೀನ, ಲೇಬಲ್ ಮಾತ್ರ ಹೊಸದು: ‘99% ಗ್ಲುಟೆನ್ ಫ್ರೀ’. ನೂರಕ್ಕೆ ಒಂದು ಅಂದರೆ ಕಿಲೋಗೆ 10,000 ಮಿಲಿಗ್ರಾಂ, ಕಾನೂನಿನ ಮಿತಿಯ ಐನೂರು ಪಟ್ಟು. ಗುಂಪಿನಲ್ಲಿ ಹೃದಯದ ಚಿಹ್ನೆಗಳ ಸುರಿಮಳೆ. ಬೆಲೆ ಈಗ ಏಳುನೂರೈವತ್ತು.